ಹೆಪ್ಪು ಕೊಟ್ಟವಳ ಮಾತು

ಪುಕ್ಕಟೆ ಕೊಟ್ಟವರಿಗೆ ಬಾಯಿ ಇರಬಾರದು ಎಂಬುದು ನಮ್ಮಲ್ಲಿ ಬಹಳ ಹಳೆಯ ನಂಬಿಕೆ. ದುಡ್ಡು ಎಣಿಸಿಕೊಂಡು ಕೊಟ್ಟವನು ಹತ್ತು ಷರತ್ತು ಹಾಕಲಿ, ಕೈಕಟ್ಟಿ ಕೇಳುತ್ತೇವೆ. ಬಾಡಿಗೆ ಮನೆಯ ಮಾಲೀಕ ಗೋಡೆಗೆ ಮೊಳೆ ಹೊಡೆಯಕೂಡದು ಎಂದರೆ ದೇವರ ಪಟವನ್ನೂ ಕಿಟಕಿಯ ಸರಳಿಗೇ ಕಟ್ಟುತ್ತೇವೆ. ಬಿಟ್ಟಿಯಾಗಿ, ಪ್ರೀತಿಯಿಂದ ಕೊಟ್ಟವಳು ಮಾತ್ರ "ಇದೊಂದು ಮಾತು ನಡೆಸಿಕೊಡಿ" ಎಂದರೆ ನಮ್ಮ ಮುಖ ಗಂಟಾಗುತ್ತದೆ. ಕೊಟ್ಟಾಯಿತಲ್ಲ, ಇನ್ನೂ ಇವಳದೇನು ಎಂದು ಕೇಳುವವರು ಗಂಡಸರು ಮಾತ್ರ ಎಂದುಕೊಳ್ಳಬೇಡಿ, ನಾವೂ ಕೇಳುತ್ತೇವೆ.

ಈ ನಂಬಿಕೆಯ ಮೇಲೆ ಜಗಳ ತೆಗೆಯಲೆಂದೇ ನಾನು ಬರೆಯಲು ಕೂತಿದ್ದೇನೆ. ಜಗಳಕ್ಕೆ ಆರಿಸಿಕೊಂಡಿರುವ ಅಂಗಳ ಸ್ವಲ್ಪ ದೂರದ್ದು, ಕಂಪ್ಯೂಟರ್ ಸಾಫ್ಟ್‌ವೇರಿನದು. ಪುಟ ಮಗುಚಬೇಡಿ. ನಾನೂ ಕನ್ನಡ, ಸಮಾಜ ಪಾಠ ಮಾಡುವ ಬಿಎ, ಬಿಎಡ್ ಟೀಚರೇ. ಈ ವಿಷಯಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮದುವೆ ಮನೆಯ ಮುಯ್ಯಿ ಪಟ್ಟಿ ಬರೆದು ಅಭ್ಯಾಸವಿದ್ದವರಿಗೆ ಎಲ್ಲವೂ ಅರ್ಥವಾಗುತ್ತದೆ.

ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲು, ಗೋಡೆಯ ಮೇಲಿನ ಸ್ಮಾರ್ಟ್ ಟಿವಿ, ಮೂಲೆಯಲ್ಲಿ ಕಣ್ಣು ಮಿಟುಕಿಸುವ ವೈಫೈ ಡಬ್ಬಿ, ಇವುಗಳಲ್ಲಿ ಬಹುಪಾಲಿನ ಹೊಟ್ಟೆಯಲ್ಲಿ ಲಿನಕ್ಸ್ ಎಂಬ ಸಾಫ್ಟ್‌ವೇರ್ ಕೂತಿದೆ. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆಯಲು ಹಿಡಿದದ್ದು. ಆಮೇಲೆ ಜಗತ್ತಿನ ಸಾವಿರಾರು ಜನ ಕೈ ಹಚ್ಚಿ ಬೆಳೆಸಿದರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಮಾರಲೂಬಹುದು. ಇದನ್ನೇ ಓಪನ್ ಸೋರ್ಸ್ ಎನ್ನುವುದು, ಫ್ರೀ ಸಾಫ್ಟ್‌ವೇರ್ ಎನ್ನುವುದು. ಈ 'ಫ್ರೀ' ಎಂಬ ಮಾತಿನಿಂದ ಇಂಗ್ಲಿಷಿನವರಿಗೆ ಭಾರೀ ಕಷ್ಟವಾಗಿದೆ. ಬಿಟ್ಟಿ ಎಂದರೂ ಅದೇ ಪದ, ಸ್ವತಂತ್ರ ಎಂದರೂ ಅದೇ ಪದ. ನಮಗೆ ಎರಡಕ್ಕೂ ಬೇರೆ ಬೇರೆ ಮಾತಿದೆ. ಇದ್ದೂ ನಾವು ಬಿಟ್ಟಿ ಎಂಬುದನ್ನೇ ಹಿಡಿದುಕೊಂಡೆವು!

ಲಿನಕ್ಸ್ ಜೊತೆಗೆ ಒಂದು ಕರಾರು ಬರುತ್ತದೆ. ಅದರ ಹೆಸರು ಜಿಪಿಎಲ್. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅದನ್ನು ಮೊದಲು ಹೊರತಂದದ್ದು 1989ರಲ್ಲಿ. ಲಿನಕ್ಸ್ ಬಳಸುವುದು 1991ರ ಎರಡನೆಯ ಆವೃತ್ತಿಯನ್ನು. ಅದರ ಸಾರ ಹೀಗಿದೆ: ಈ ಸಾಫ್ಟ್‌ವೇರನ್ನು ನೀನು ಇನ್ನೊಬ್ಬರಿಗೆ ಕೊಡುವುದಾದರೆ ಅದರ ಸೋರ್ಸ್ ಕೋಡನ್ನೂ ಕೊಡಬೇಕು. ನೀನು ಮಾಡಿದ ತಿದ್ದುಪಡಿಯನ್ನೂ ಇದೇ ಕರಾರಿನ ಮೇಲೆ ಕೊಡಬೇಕು. ಕರಾರಿನ ಪ್ರತಿ ಜೊತೆಗಿರಬೇಕು, ಹಕ್ಕುದಾರರ ಹೆಸರು ಅಳಿಸಕೂಡದು. ಸೋರ್ಸ್ ಕೋಡ್ ಎಂದರೆ ಮನುಷ್ಯರು ಓದಿ ತಿದ್ದಬಲ್ಲ ಬರಹ. ಯಂತ್ರಕ್ಕೆ ಉಣಿಸುವುದು ಅದನ್ನು ಅರೆದು ಮಾಡಿದ ರೂಪ. ಅರೆದ ಮಸಾಲೆ ನಿಮ್ಮ ಕೈಗೆ ಕೊಟ್ಟು, ಇದರಲ್ಲಿ ಏನೇನು ಬಿದ್ದಿದೆ ಎಂದು ಹೇಳದಿದ್ದರೆ ನೀವು ಉಣ್ಣಬಹುದೇ ಹೊರತು ಖಾರ ಕಡಿಮೆ ಮಾಡಲಾರಿರಿ.

ನಮಗೆ ಇದು ಹೊಸದಲ್ಲ. ನಮ್ಮ ಬೀದಿಯಲ್ಲಿ ಬಟ್ಟಲು ಹಿಡಿದು ಹೆಪ್ಪಿಗೆ ಬಂದವರನ್ನು ಬರಿಗೈಲಿ ಕಳಿಸಿದ್ದು ನಾನು ಕಂಡಿಲ್ಲ. ಒಂದು ಚಮಚ ಹೆಪ್ಪಿಗೆ ಯಾರೂ ಕಾಸು ಕೇಳುವುದಿಲ್ಲ. ಆದರೆ ನಾಳೆ ನಮ್ಮ ಮನೆಯಲ್ಲಿ ಮೊಸರು ಕೆಟ್ಟರೆ ಅವರ ಮನೆಯ ಬಾಗಿಲು ತೆರೆದಿರಬೇಕು. ನನ್ನಿಂದ ಹೆಪ್ಪು ಒಯ್ದು, ಗಡಿಗೆ ತುಂಬ ಮೊಸರು ಮಾಡಿ, ಮರುದಿನ ಪಕ್ಕದ ಮನೆಯ ಹುಡುಗಿ ಬಟ್ಟಲು ಹಿಡಿದು ಬಂದಾಗ "ನಮ್ಮ ಮನೆಯ ಹೆಪ್ಪು ಯಾರಿಗೂ ಕೊಡುವುದಿಲ್ಲ" ಎಂದು ಬಾಗಿಲು ಹಾಕಿಕೊಂಡವಳನ್ನು ಬೀದಿ ಏನೆನ್ನುತ್ತದೆ? ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂಬ ಕಟ್ಟುಪಾಡನ್ನು ಅತ್ತೆಯಂದಿರು ಪಾಲಿಸಿಕೊಂಡು ಬಂದಿದ್ದಾರೆ, ನಾವೂ ಚಕಾರವೆತ್ತದೆ ಒಪ್ಪಿದ್ದೇವೆ. ಬಿಟ್ಟಿ ವಸ್ತುವಿಗೆ ಷರತ್ತಿರಬಾರದು ಎನ್ನುವವರು ಮೊದಲು ಹೆಪ್ಪಿನ ಷರತ್ತಿಗೆ ಉತ್ತರ ಹೇಳಲಿ.

ಬೀದಿಯ ನ್ಯಾಯ ಸರಿ, ಕೋರ್ಟಿನ ನ್ಯಾಯದಲ್ಲಿ ಇದು ನಿಲ್ಲುತ್ತದೆಯೇ? ವಾದ ಶುರುವಾಗುವುದೇ ಇಲ್ಲಿ. ಸಹಿ ಇಲ್ಲ, ಛಾಪಾ ಕಾಗದವಿಲ್ಲ, ಸಾಕ್ಷಿಯಿಲ್ಲ, ಹಣ ಕೈಬದಲಾಗಿಲ್ಲ. ಎಲ್ಲೋ ಕೂತು ಬರೆದವನು ಎಲ್ಲೋ ಇರುವವನಿಗೆ ಹಾಕಿದ ಷರತ್ತು ಕಾನೂನೇ? ಇದು ಬರೀ ಸಜ್ಜನಿಕೆಯ ವಿನಂತಿ ಎಂದು ಬಹಳ ಕಾಲ ದೊಡ್ಡ ದೊಡ್ಡವರೇ ಹೇಳುತ್ತಿದ್ದರು. ಹಾಗೆ ಹೇಳುವುದರಲ್ಲಿ ಅವರಿಗೆ ಲಾಭವಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಬಂದ ಉತ್ತರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಆಟಿಕೆ ರೈಲಿನ ಮೊಕದ್ದಮೆ. ರಾಬರ್ಟ್ ಜೇಕಬ್ಸನ್ ಎಂಬುವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತಶಾಸ್ತ್ರದ ಪ್ರೊಫೆಸರು. ಬಿಡುವಿನಲ್ಲಿ ಆಟಿಕೆ ರೈಲು ಓಡಿಸುವ ಹುಚ್ಚು. ಆಟಿಕೆ ಎಂದರೆ ಜಾತ್ರೆಯಲ್ಲಿ ಸಿಗುವ ತಗಡಿನ ರೈಲಲ್ಲ. ಒಂದೊಂದು ಇಂಜಿನ್ನಿನೊಳಗೂ ಪುಟ್ಟ ಚಿಪ್ಪು, ಅದಕ್ಕೆ ಕಂಪ್ಯೂಟರಿನಿಂದ ಆಜ್ಞೆ. ಜೇಕಬ್ಸನ್ ಮತ್ತು ಅವರಂಥ ಹವ್ಯಾಸಿಗಳು ಸೇರಿ ಇದಕ್ಕಾಗಿ ಜೆಎಂಆರ್‌ಐ ಎಂಬ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಬಿಟ್ಟಿ ಕೊಟ್ಟರು. 'ಆರ್ಟಿಸ್ಟಿಕ್ ಲೈಸೆನ್ಸ್' ಎಂಬ ಕರಾರು ಅದರ ಜೊತೆಗಿತ್ತು. ಬಳಸಿ, ತಿದ್ದಿ, ಹಂಚಿ. ಬರೆದವರ ಹೆಸರು ಉಳಿಸಿ, ಏನು ಬದಲಿಸಿದ್ದೀರಿ ಎಂದು ನಮೂದಿಸಿ. ಇಷ್ಟೇ.

ಇದೇ ಬಗೆಯ ಸಾಫ್ಟ್‌ವೇರನ್ನು ದುಡ್ಡಿಗೆ ಮಾರುತ್ತಿದ್ದವರು ಮ್ಯಾಥ್ಯೂ ಕ್ಯಾಟ್ಜರ್ ಎಂಬುವರು. ಅವರ ಕಡೆಯಿಂದ ಜೇಕಬ್ಸನ್‌ಗೆ ಪತ್ರ ಬಂತು: ನಿಮ್ಮ ಸಾಫ್ಟ್‌ವೇರ್ ನಮ್ಮ ಪೇಟೆಂಟನ್ನು ಮೀರುತ್ತದೆ, ಹಣ ಕಟ್ಟಿ. ಹಿಂದೆಯೇ ಎರಡು ಲಕ್ಷ ಡಾಲರ್ ಮೀರಿದ ಬಿಲ್ಲೂ ಬಂತು. ಬಿಟ್ಟಿ ಹಂಚುತ್ತಿದ್ದವನಿಗೆ ಎರಡು ಲಕ್ಷ ಡಾಲರಿನ ಬಿಲ್ಲು! ಪ್ರೊಫೆಸರ ಉದ್ಯೋಗಕ್ಕೆ ಸಂಬಂಧಪಟ್ಟ ಸರ್ಕಾರಿ ಇಲಾಖೆಗೂ ಅವರ ಬಗ್ಗೆ ಮಾಹಿತಿ ಕೇಳಿ ಅರ್ಜಿ ಹೋಯಿತು. ಹೆದರಿಸುವ ಈ ವಿದ್ಯೆ ನಮಗೆ ಗೊತ್ತಿಲ್ಲದ್ದೇ? ಆ ಮನುಷ್ಯ ಹೆದರಲಿಲ್ಲ, 2006ರಲ್ಲಿ ತಾನೇ ಕೋರ್ಟಿಗೆ ಹೋದರು. ಆಗ ಇನ್ನೊಂದು ಸಂಗತಿ ಬಯಲಿಗೆ ಬಂತು. ಬಿಲ್ಲು ಕಳಿಸಿದವರ ಸಾಫ್ಟ್‌ವೇರಿನೊಳಗೆ ಈ ಹವ್ಯಾಸಿಗಳ ಫೈಲುಗಳೇ ಇದ್ದವು. ಹೆಸರು ಅಳಿಸಿತ್ತು, ಹಕ್ಕಿನ ಸಾಲು ಅಳಿಸಿತ್ತು, ಎಲ್ಲಿಂದ ಬಂತು ಎಂಬ ಗುರುತೂ ಇರಲಿಲ್ಲ.

ಕೆಳಗಿನ ಕೋರ್ಟು 2007ರಲ್ಲಿ ಪ್ರೊಫೆಸರಿಗೆ ತಡೆಯಾಜ್ಞೆ ಕೊಡಲಿಲ್ಲ. ಅದರ ತರ್ಕವನ್ನು ಗಮನವಿಟ್ಟು ನೋಡಬೇಕು. ನೀವು ಎಲ್ಲರಿಗೂ ಧಾರಾಳವಾಗಿ ಅನುಮತಿ ಕೊಟ್ಟಿದ್ದೀರಿ, ಹೆಸರು ಹಾಕುವ ಮಾತು ಆ ಅನುಮತಿಯ ಎಲ್ಲೆಯಲ್ಲ, ಪಕ್ಕದಲ್ಲಿ ಆಡಿದ ಒಂದು ಮಾತು. ಮಾತು ತಪ್ಪಿದ್ದರೆ ಅದು ಒಪ್ಪಂದ ಮುರಿದ ತಕರಾರು, ಕೃತಿಸ್ವಾಮ್ಯದ ಕಳವಲ್ಲ. ಕೇಳಲು ಸಣ್ಣ ವ್ಯತ್ಯಾಸ. ಪರಿಣಾಮ ಮಾತ್ರ ಸಣ್ಣದಲ್ಲ. ಒಪ್ಪಂದ ಮುರಿದರೆ ಸಿಗುವುದು ಆದ ನಷ್ಟಕ್ಕೆ ಪರಿಹಾರ. ಬಿಟ್ಟಿ ಕೊಟ್ಟ ವಸ್ತುವಿಗೆ ಎಷ್ಟು ನಷ್ಟ ಎಂದು ಲೆಕ್ಕ ತೋರಿಸುತ್ತೀರಿ? ಸೊನ್ನೆ. ಕೃತಿಸ್ವಾಮ್ಯ ಎಂದಾದರೆ ಮಾತ್ರ ಕೋರ್ಟು "ನಿಲ್ಲಿಸು" ಎಂದು ಕೈ ಹಿಡಿಯಬಹುದು.

ಮಕ್ಕಳಿಗೆ ಹೇಳುವಂತೆ ಹೇಳುತ್ತೇನೆ. "ಚಪ್ಪಲಿ ಬಿಟ್ಟವರು ಒಳಗೆ ಬರಬಹುದು" ಎಂದು ಬಾಗಿಲಲ್ಲಿ ಬರೆದಿದ್ದರೆ, ಚಪ್ಪಲಿ ಮೆಟ್ಟಿಕೊಂಡು ಬಂದವನು ಅಪ್ಪಣೆಯಿಲ್ಲದೆ ನುಗ್ಗಿದವನು. "ಎಲ್ಲರೂ ಒಳಗೆ ಬನ್ನಿ, ದಯವಿಟ್ಟು ಚಪ್ಪಲಿ ಹೊರಗೆ ಬಿಡಿ" ಎಂದಿದ್ದರೆ ಅದೇ ಮನುಷ್ಯ ಒಳಗೆ ಬರುವ ಹಕ್ಕಿದ್ದೂ ನಡತೆ ಕೆಟ್ಟವನು. ಮೊದಲನೆಯವನನ್ನು ಹೊರಗೆ ಕಳಿಸಬಹುದು. ಎರಡನೆಯವನ ಮೇಲೆ ನೆಲ ಒರೆಸಿದ ಕೂಲಿ ಕೇಳಬಹುದು, ಅಷ್ಟೇ. ಪ್ರೊಫೆಸರ ಬಾಗಿಲಲ್ಲಿ ಬರೆದದ್ದು ಯಾವ ಬಗೆಯ ಮಾತು ಎಂಬುದೇ ಇಡೀ ಮೊಕದ್ದಮೆ.

2008ರ ಆಗಸ್ಟ್ 13ರಂದು ಮೇಲ್ಮನವಿ ಕೋರ್ಟು ಹೇಳಿತು: ಇದು ಮೊದಲನೆಯ ಬಗೆಯದು. ಅನುಮತಿ ಇರುವುದೇ ಷರತ್ತು ನಡೆಸಿದವರಿಗೆ. ಅದನ್ನು ಮೀರಿ ನಕಲು ಮಾಡಿದರೆ ಕೃತಿಸ್ವಾಮ್ಯದ ಉಲ್ಲಂಘನೆಯೇ ಆಗಬಹುದು. ಹಣ ಪಡೆಯಲಿಲ್ಲ ಎಂದ ಮಾತ್ರಕ್ಕೆ ಕೃತಿಕಾರನಿಗೆ ಲಾಭವೇ ಇಲ್ಲವೆಂದು ತಿಳಿಯಬಾರದು. ಹೆಸರು, ಹೆಚ್ಚುವ ಬಳಕೆದಾರರು, ಹತ್ತು ಜನ ತಿದ್ದುವುದರಿಂದ ಕೃತಿಗೆ ಬರುವ ಹೊಳಪು, ಇವೂ ಆರ್ಥಿಕ ಹಿತಗಳೇ ಎಂಬ ಅಭಿಪ್ರಾಯ ಆ ತೀರ್ಪಿನಲ್ಲಿದೆ. ಬರೆದವರು ಫೇತ್ ಹಾಕ್‌ಬರ್ಗ್ ಎಂಬ ನ್ಯಾಯಾಧೀಶೆ. ಪ್ರೊಫೆಸರ ಪರವಾಗಿ ವಾದಿಸಿದವರು ವಿಕ್ಟೋರಿಯಾ ಹಾಲ್ ಎಂಬ ವಕೀಲೆ. ಬಿಟ್ಟಿ ಕೆಲಸಕ್ಕೂ ಬೆಲೆಯುಂಟು ಎಂದು ವಾದಿಸಿದವರೂ, ಆ ವಾದವನ್ನು ಒಪ್ಪಿ ತೀರ್ಪು ಬರೆದವರೂ ಹೆಂಗಸರು ಎಂಬುದು ಕಾಕತಾಳೀಯವೇ ಇರಬಹುದು. ಇರಲಿ, ನನಗೆ ಸಂತೋಷವಾಯಿತು.

ಗೆದ್ದ ಮರುದಿನವೇ ಎಲ್ಲ ನೆಟ್ಟಗಾಗಲಿಲ್ಲ. ಮೊಕದ್ದಮೆ ಮತ್ತೆ ಕೆಳಗಿನ ಕೋರ್ಟಿಗೆ ಬಂದು, ಅಲ್ಲಿ ಇನ್ನೊಮ್ಮೆ ತಡೆಯಾಜ್ಞೆ ನಿರಾಕರಣೆಯಾಗಿ, ಎಳೆದಾಡಿ, 2010ರ ಫೆಬ್ರವರಿಯಲ್ಲಿ ರಾಜಿಯಾಯಿತು. ಬಿಲ್ಲು ಕಳಿಸಿದ್ದವರೇ ಪ್ರೊಫೆಸರಿಗೆ ಒಂದು ಲಕ್ಷ ಡಾಲರ್ ಕೊಡಲು ಒಪ್ಪಿದರು. ನಾಲ್ಕು ವರ್ಷ ಬೇಕಾಯಿತು, ಆಟಿಕೆ ರೈಲು ನಿಲ್ದಾಣ ಮುಟ್ಟುವುದಕ್ಕೆ.

ಜರ್ಮನಿಯವರು ಇದಕ್ಕಿಂತ ಮೊದಲೇ ಎಚ್ಚೆತ್ತಿದ್ದರು. ಹರಾಲ್ಡ್ ವೆಲ್ಟೆ ಎಂಬ ಲಿನಕ್ಸ್ ಬರಹಗಾರ ತಾನು ಬರೆದ ಭಾಗವನ್ನು ಸೈಟ್‌ಕಾಮ್ ಕಂಪನಿ ತನ್ನ ರೌಟರಿನಲ್ಲಿ ಕರಾರು ಪಾಲಿಸದೆ ಬಳಸಿದೆ ಎಂದು ಮ್ಯೂನಿಕ್ ಕೋರ್ಟಿಗೆ ಹೋದ. 2004ರಲ್ಲಿ ಆ ಕೋರ್ಟು ಜಿಪಿಎಲ್ ಕರಾರನ್ನು ಎತ್ತಿ ಹಿಡಿಯಿತು. ಎರಡು ವರ್ಷದ ಮೇಲೆ ಡಿ-ಲಿಂಕ್ ಕಂಪನಿಯವರು ಫ್ರಾಂಕ್‌ಫರ್ಟಿನಲ್ಲಿ, ಈ ಜಿಪಿಎಲ್ ನಮ್ಮನ್ನು ಕಟ್ಟಿಹಾಕುವ ಕಾನೂನೇ ಅಲ್ಲ ಎಂದು ವಾದಿಸಿ ಸೋತರು. ಜರ್ಮನಿಯ ತರ್ಕದಲ್ಲಿ ಒಂದು ಮಜಾ ಇದೆ. ಕರಾರು ಸಿಂಧುವಲ್ಲ ಎನ್ನುತ್ತೀಯಾ? ಸಂತೋಷ. ಕರಾರೇ ಇಲ್ಲವೆಂದರೆ ನಿನಗೆ ನಕಲು ಮಾಡುವ ಅಪ್ಪಣೆಯೂ ಇಲ್ಲ, ಏಕೆಂದರೆ ಅಪ್ಪಣೆ ಇದ್ದದ್ದು ಆ ಕಾಗದದಲ್ಲೇ. ಕೂತ ಕೊಂಬೆಯನ್ನು ಕಡಿಯುವುದು ಎಂದರೆ ಇದು. ಸಹಿ ಎಲ್ಲಿದೆ ಎಂದು ಕೇಳುವವರಿಗೆ ಇದೇ ಉತ್ತರ. ಸಹಿ ಬೇಕಾಗಿರುವುದು ಕೊಟ್ಟವರಿಗಲ್ಲ, ತೆಗೆದುಕೊಂಡವರು ತಮ್ಮ ಹಕ್ಕಿನ ಮೂಲ ತೋರಿಸಲಿ.

ಫ್ರಾನ್ಸಿನಲ್ಲಿ ಆಂತ್ರೂವೇರ್ ಎಂಬ ಸಣ್ಣ ಸಂಸ್ಥೆ ದೊಡ್ಡ ಟೆಲಿಫೋನ್ ಕಂಪನಿಯಾದ ಆರೆಂಜ್ ಮೇಲೆ 2011ರಲ್ಲಿ ಜಿಪಿಎಲ್ ಬಗ್ಗೆ ಹೂಡಿದ ದಾವೆಗೆ ಪ್ಯಾರಿಸಿನ ಮೇಲ್ಮನವಿ ಕೋರ್ಟು 2024ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಐದು ಲಕ್ಷ ಯೂರೋಗೂ ಮೀರಿದ ಪರಿಹಾರ. ಹದಿಮೂರು ವರ್ಷ! ಒಂದನೇ ಕ್ಲಾಸಿಗೆ ಸೇರಿಸಿದ ಮಗು ಕಾಲೇಜು ಮೆಟ್ಟಿಲೇರುವಷ್ಟು ಕಾಲ. ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ ಡಿಜಿಟಲ್ ಎಂಬ ಟಿವಿ ಕಂಪನಿ 'ಬಿಜಿಬಾಕ್ಸ್' ಎಂಬ ಸಾಫ್ಟ್‌ವೇರನ್ನು ಕರಾರು ಮೀರಿ ಬಳಸಿದ್ದಕ್ಕೆ 2010ರಲ್ಲಿ 90,000 ಡಾಲರ್ ದಂಡ ಕಟ್ಟಬೇಕು, ಉಳಿದ ಟಿವಿಗಳನ್ನೂ ಒಪ್ಪಿಸಬೇಕು ಎಂದು ಆಜ್ಞೆಯಾಯಿತು. ಆ ಕಂಪನಿ ದಿವಾಳಿಯ ಅಂಚಿಗೆ ಬಂದು ವಾದ ಮಾಡುವುದನ್ನೇ ಬಿಟ್ಟಿತ್ತು, ಆದ್ದರಿಂದ ಅದನ್ನು ಭಾರೀ ಗೆಲುವು ಎಂದು ನಾನು ಡಂಗುರ ಹೊಡೆಯುವುದಿಲ್ಲ. ಕಾನೂನು ಇದೆ ಎಂಬುದಕ್ಕೆ ಸಾಕ್ಷಿಯಾಗಿ ಸಾಕು.

ನಮ್ಮ ದೇಶದ ವಿಷಯ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ತಂದು ಕಂಪ್ಯೂಟರ್ ಪ್ರೋಗ್ರಾಮನ್ನೂ 'ಸಾಹಿತ್ಯ ಕೃತಿ'ಯ ಪಟ್ಟಿಗೆ ಸೇರಿಸಿದರು. ಕನ್ನಡ ಮೇಷ್ಟ್ರಿಗೆ ಇದು ನಗು ತರಿಸುವ ಮಾತು. ಮಹಾಕಾವ್ಯ ಬರೆದವರೂ ಕಿರಾಣಿ ಅಂಗಡಿಯ ಬಿಲ್ಲು ಹಾಕುವ ಪ್ರೋಗ್ರಾಂ ಬರೆದವರೂ ಕಾನೂನಿನ ಕಣ್ಣಿಗೆ ಒಂದೇ ಪಂಕ್ತಿಯ ಸಾಹಿತಿಗಳು! ನಗು ಮುಗಿದ ಮೇಲೆ ಯೋಚಿಸಿದರೆ ಲಾಭ ಕಾಣುತ್ತದೆ. ಸಾಹಿತ್ಯ ಕೃತಿ ಎಂದಾದರೆ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕಾಯ್ದೆಯ 30ನೆಯ ಸೆಕ್ಷನ್ ಪ್ರಕಾರ ಹಕ್ಕುದಾರರು ಲಿಖಿತವಾಗಿ ಪರವಾನಗಿ ಕೊಡಬಹುದು. ಮೊದಲು ಅಲ್ಲಿ ಸಹಿಯೂ ಬೇಕು ಎಂದಿತ್ತು, 2012ರ ತಿದ್ದುಪಡಿ ಸಹಿಯ ಮಾತನ್ನು ತೆಗೆದುಹಾಕಿತು. ಪರವಾನಗಿಯ ಷರತ್ತು ಮೀರಿ ನಡೆದರೆ ಅದೂ ಉಲ್ಲಂಘನೆ ಎಂದು 51ನೆಯ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಪ್ರೊಫೆಸರು ನಾಲ್ಕು ವರ್ಷ ಗುದ್ದಾಡಿ ಪಡೆದ ಮಾತು ನಮ್ಮ ಕಾಯ್ದೆಯ ಪುಸ್ತಕದಲ್ಲಿ ಅಚ್ಚಾಗಿಯೇ ಇದೆ. 57ನೆಯ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಕ್ಕನ್ನು ಮಾರಿಬಿಟ್ಟರೂ ಸರಿಯೇ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕೃತಿಕಾರರಲ್ಲೇ ಉಳಿಯುತ್ತದೆ.

ಇದು ಕಾಗದದ ಮೇಲಿನ ಮಾತು ಎನ್ನುವವರಿಗೆ ಶಿಲ್ಪಿ ಅಮರನಾಥ ಸೆಹಗಲ್ ಅವರ ಪ್ರಕರಣ ನೆನಪಿಸಬೇಕು. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅವರು ಮಾಡಿದ ಕಂಚಿನ ಉಬ್ಬುಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಎಸೆದರು. ದುಡ್ಡು ಕೊಟ್ಟು ಮಾಡಿಸಿದ್ದು ಸರ್ಕಾರ, ಗೋಡೆಯೂ ಸರ್ಕಾರದ್ದು. ಆದರೂ ದೆಹಲಿ ಹೈಕೋರ್ಟು 2005ರಲ್ಲಿ ಶಿಲ್ಪಿಯ ಮಾತನ್ನೇ ಎತ್ತಿ ಹಿಡಿದು, ಉಳಿದ ತುಂಡುಗಳನ್ನು ಅವರಿಗೆ ಹಿಂದಿರುಗಿಸಿ ಐದು ಲಕ್ಷ ರೂಪಾಯಿ ಕೊಡಿ ಎಂದು ಸರ್ಕಾರಕ್ಕೇ ಹೇಳಿತು. ಮಾರಿದವನಿಗೇ ಇಷ್ಟು ಹಕ್ಕು ಉಳಿಯುವುದಾದರೆ, ಮಾರದೆ ಹಂಚಿದವಳಿಗೆ ಏನೂ ಉಳಿಯದೆ ಹೋಗುತ್ತದೆಯೇ?

ಇನ್ನೊಂದು ಸೆಕ್ಷನ್ನಿದೆ, ಊರಿನ ಹೆಂಗಸರೆಲ್ಲ ಬಾಯಿಪಾಠ ಮಾಡಬೇಕಾದದ್ದು. ಅರವತ್ತೆರಡನೆಯದು. ಸಾಧಾರಣ ದಾವೆಗೆ ಎದುರಾಳಿ ಇರುವ ಊರಿಗೋ, ತಕರಾರು ನಡೆದ ಊರಿಗೋ ಅಲೆಯಬೇಕು. ಕೃತಿಸ್ವಾಮ್ಯದ ದಾವೆಯನ್ನು ಫಿರ್ಯಾದಿ ವಾಸವಾಗಿರುವ ಜಾಗದ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಮಕ್ಕಳಿಗೆ ತಿಂಡಿ ಕೊಟ್ಟು, ಒಂಬತ್ತರ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿ ಸಂಜೆಗೆ ಬರಬಹುದು.

ನನಗೆ ಈ ಸೆಕ್ಷನ್ನುಗಳೆಲ್ಲ ಗೊತ್ತಾದದ್ದು ಓದುವ ಚಟದಿಂದಲ್ಲ. ನಾವು ಮೂವರು ಟೀಚರುಗಳು ಸೇರಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಕನ್ನಡ ವ್ಯಾಕರಣದ ಅಭ್ಯಾಸ ಹಾಳೆಗಳನ್ನು ಮಾಡಿದೆವು. ಸಂಧಿ, ಸಮಾಸ, ಛಂದಸ್ಸು, ಅಲಂಕಾರ ಎಂದು ನಾಲ್ಕು ಬೇಸಗೆ ರಜೆ ಅದಕ್ಕೇ ಹೋಯಿತು. ಪ್ರತಿ ಹಾಳೆಯ ಕೆಳಗೂ ಕ್ರಿಯೇಟಿವ್ ಕಾಮನ್ಸ್ ಎಂಬ ಕರಾರಿನ ಸಾಲು ಹಾಕಿದೆವು. ಕನ್ನಡ ವಿಕಿಪೀಡಿಯದಲ್ಲೂ ಅದೇ ಕರಾರು. ಸಾಫ್ಟ್‌ವೇರಿನ ಜಿಪಿಎಲ್‌ಗೆ ಇದು ದಾಯಾದಿ. ಆಟಿಕೆ ರೈಲಿನ ಮೊಕದ್ದಮೆಯಲ್ಲಿ ಕ್ರಿಯೇಟಿವ್ ಕಾಮನ್ಸ್‌ನವರು ಪ್ರೊಫೆಸರ ಬೆಂಬಲಕ್ಕೆ ಕೋರ್ಟಿಗೆ ಲಿಖಿತ ವಾದ ಸಲ್ಲಿಸಿದ್ದರು. ಸೋತರೆ ತಮ್ಮ ಕರಾರೂ ಹರಿದ ಚೀಟಿಯಾಗುತ್ತಿತ್ತು ಎಂದು ಅವರಿಗೆ ಗೊತ್ತಿತ್ತು. ನಮ್ಮ ಸಾಲಿನ ಅರ್ಥ ಸರಳ: ಯಾರು ಬೇಕಾದರೂ ಬಳಸಿ, ಬದಲಿಸಿ, ಮಾರಿ, ಮೂವರ ಹೆಸರು ಇರಲಿ, ನೀವು ಬದಲಿಸಿದ್ದನ್ನೂ ಇದೇ ಕರಾರಿನಲ್ಲಿ ಬಿಡಿ.

ಎರಡು ವರ್ಷದ ಮೇಲೆ ಒಂದು ಟ್ಯೂಷನ್ ಸೆಂಟರಿನವರು ಅದನ್ನೇ ಹೊಳೆಯುವ ರಕ್ಷಾಪುಟ ಹಾಕಿ, 180 ರೂಪಾಯಿ ಬೆಲೆ ಹಚ್ಚಿ ಪುಸ್ತಕ ಮಾಡಿದರು. ನಮ್ಮ ಹೆಸರಿಲ್ಲ. ಒಳಪುಟದಲ್ಲಿ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು. ನಾನು ಹೋಗಿ ಕೇಳಿದೆ.

"ಮೇಡಂ, ನೀವು ಫ್ರೀ ಕೊಟ್ಟದ್ದೇ ತಾನೇ? ನಮ್ಮಿಂದ ಇನ್ನೂ ನಾಲ್ಕು ಮಕ್ಕಳಿಗೆ ತಲುಪಿತು, ಪುಣ್ಯ ಬಂತು ಅಂದ್ಕೊಳ್ಳಿ."

"ಪುಣ್ಯ ನಮಗೆ, 180 ರೂಪಾಯಿ ನಿಮಗೆ. ಹೆಸರು ಯಾರಿಗೆ?"

"ಹೆಸರಿಗಾಗಿ ಕೆಲಸ ಮಾಡಬಾರದು ಮೇಡಂ. ನಿಮಗೆ ನಾವು ಹೇಳಬೇಕೆ?"

ಈ ಕೊನೆಯ ಮಾತಿಗೆ ನನ್ನ ರಕ್ತ ಕುದಿಯಿತು. ಹೆಸರಿಗಾಗಿ ಕೆಲಸ ಮಾಡಬಾರದೆಂಬ ಉಪದೇಶ ಯಾವಾಗಲೂ ಯಾರಿಂದ ಯಾರ ಕಡೆಗೆ ಹರಿಯುತ್ತದೆ, ಗಮನಿಸಿದ್ದೀರಾ? ಬೀಸುವ ಕಲ್ಲಿನ ಮುಂದೆ ಕೂತು ಹಾಡು ಕಟ್ಟಿದವರ ಹೆಸರು ಎಷ್ಟು ಪುಸ್ತಕದಲ್ಲಿದೆ? ಸಂಗ್ರಹಿಸಿದವರ ಹೆಸರು ಮುಖಪುಟದಲ್ಲಿದೆ, ಹಾಡಿದವರು 'ಜನಪದ'ರಾದರು. ಮದುವೆ ಮನೆಗೆ ಬಂದ ಬಾಗಿಲಗಲ ರಂಗೋಲಿ ಯಾರದು, ಹಬ್ಬದ ಸಂಚಿಕೆಯಲ್ಲಿ ಯಾರದೋ ಫೋಟೋದೊಂದಿಗೆ ಅಚ್ಚಾದ ಉಪ್ಪಿನಕಾಯಿಯ ಅಳತೆ ಯಾವ ಅಜ್ಜಿಯದು? ಒಲುಮೆಯಿಂದ ಮಾಡಿದ ಕೆಲಸ ಎಂದು ಹೊಗಳುತ್ತಲೇ ಅದರ ಮೇಲಿನ ಮಾತನ್ನು ಕಸಿದುಕೊಳ್ಳುವ ಜಾಣತನ ನಮಗೆ ಚಿರಪರಿಚಿತ. ಸಾಫ್ಟ್‌ವೇರ್ ಬರೆಯುವ ಗಂಡಸರಿಗೆ ಇದು ಹೊಸ ಅನುಭವವಾದ್ದರಿಂದ ಕರಾರು ಬರೆದರು, ಕೋರ್ಟಿಗೆ ಹೋದರು. ಅವರಿಂದ ಕಲಿಯಲು ನನಗೆ ನಾಚಿಕೆಯಿಲ್ಲ.

ವಕೀಲರ ನೋಟೀಸು ಹೋಯಿತು. ಮುಂದಿನ ಮುದ್ರಣದಲ್ಲಿ ಮೂವರ ಹೆಸರು ಬಂತು, ಭೂತಗನ್ನಡಿ ಹಿಡಿದರೆ ಓದಬಹುದಾದ ಅಕ್ಷರದಲ್ಲಿ. ಕರಾರಿನ ಸಾಲೂ ಬಂತು. ಅವರು ಸೇರಿಸಿದ ಪ್ರಶ್ನೆಗಳನ್ನು ಈಗ ಬೇರೆ ಟೀಚರುಗಳೂ ಧೈರ್ಯವಾಗಿ ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಕೊಡುತ್ತಿದ್ದಾರೆ. ನಮಗೆ ಬೇಕಾಗಿದ್ದದ್ದು ಅದೇ.

ಕೋರ್ಟು ಕಚೇರಿ ಎಂದರೆ ಸ್ನೇಹ ಕೆಡುತ್ತದೆ, ಕೊಡುವ ಗುಣವೇ ಬತ್ತಿಹೋಗುತ್ತದೆ ಎಂಬ ಆಕ್ಷೇಪ ಇದೆ. ಲಿನಕ್ಸ್ ಬರೆಯುವವರಲ್ಲೇ ಹಲವರು ಹೀಗೆ ಹೇಳುತ್ತಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಜರ್ಮನಿಯಲ್ಲಿ ಒಬ್ಬ ಲಿನಕ್ಸ್ ಬರಹಗಾರನೇ ಕರಾರನ್ನು ಬಂದೂಕಿನಂತೆ ಹಿಡಿದು ಕಂಪನಿಗಳಿಂದ ದುಡ್ಡು ವಸೂಲು ಮಾಡುವ ಕಸುಬಿಗಿಳಿದಿದ್ದ. ಅವನ ಜೊತೆಗಾರರೇ 2016ರಲ್ಲಿ ಅವನನ್ನು ತಂಡದಿಂದ ಅಮಾನತು ಮಾಡಿದರು. ಮಾಡಿದ್ದು ಸರಿ. ಹೆಪ್ಪಿನ ನೆಪದಲ್ಲಿ ನೆರೆಮನೆಯ ಹಸು ಹೊಡೆದುಕೊಂಡು ಬರಬಾರದು. 2007ರ ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ ಇದಕ್ಕೊಂದು ಒಳ್ಳೆಯ ದಾರಿಯಿದೆ. ಮೊದಲ ಸಲ ತಪ್ಪಿದವರು ತಿಳುವಳಿಕೆ ಪತ್ರ ತಲುಪಿದ 30 ದಿನದೊಳಗೆ ಸರಿಪಡಿಸಿಕೊಂಡರೆ ಹಕ್ಕು ಹಾಗೇ ಉಳಿಯುತ್ತದೆ. ಹೋಂವರ್ಕ್ ತರದ ಹುಡುಗನಿಗೆ ನಾಳೆ ತಾ ಎಂದು ಬಿಡುವುದಿಲ್ಲವೇ, ಹಾಗೆ. ಆದರೆ ಬೆತ್ತ ಮೇಜಿನ ಮೇಲಿದೆ ಎಂಬುದು ಹುಡುಗನಿಗೆ ಗೊತ್ತಿರಬೇಕು. (ಬೆತ್ತ ಈಗ ನಿಷಿದ್ಧ, ಗಾದೆಯಂತೆ ಹೇಳಿದೆ.) ಕಾನೂನಿನ ಬಲವಿಲ್ಲದ ಸ್ನೇಹದಲ್ಲಿ ಸದಾ ಬಗ್ಗುವವರು ಒಬ್ಬರೇ ಆಗಿರುತ್ತಾರೆ.

ಟಿವಿಯ ಹೊಟ್ಟೆಯಲ್ಲಿರುವ ಬರಹ ನಮಗೇಕೆ ಎಂದು ಕೇಳುವವರಿಗೆ ಕ್ಯಾರೆನ್ ಸ್ಯಾಂಡ್ಲರ್ ಎಂಬಾಕೆಯ ಕಥೆ ಹೇಳಬೇಕು. ಅಮೆರಿಕದ ವಕೀಲೆ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ, ಎದೆಯೊಳಗೆ ಒಂದು ಯಂತ್ರ ಇರಿಸಿದ್ದಾರೆ. ಹೃದಯ ಅಪಾಯಕಾರಿಯಾಗಿ ಓಡಿದರೆ ಅದು ಷಾಕ್ ಕೊಟ್ಟು ಸರಿಪಡಿಸುತ್ತದೆ. ತನ್ನ ಎದೆಯೊಳಗೆ ಕೂತ ಸಾಫ್ಟ್‌ವೇರನ್ನು ತೋರಿಸಿ ಎಂದು ಆಕೆ ತಯಾರಕರನ್ನು ಕೇಳಿದರು, ತೋರಿಸಲಿಲ್ಲ. ಆಕೆ ಬಸುರಿಯಾದಾಗ, ಬಸುರಿಯರಿಗೆ ಸಹಜವಾದ ಎದೆಬಡಿತವನ್ನು ಯಂತ್ರ ಅಪಾಯವೆಂದು ತಿಳಿದು ಬೇಡದ ಷಾಕ್ ಕೊಟ್ಟಿತು. ಯಂತ್ರದ ಲೆಕ್ಕಾಚಾರವನ್ನು ತಿದ್ದಲು ದಾರಿಯಿಲ್ಲದೆ ಹೃದಯದ ಬಡಿತವನ್ನೇ ತಗ್ಗಿಸುವ ಮಾತ್ರೆ ನುಂಗಬೇಕಾಯಿತು. ಯಂತ್ರ ರೂಪಿಸಿದವರ ಮನಸ್ಸಿನಲ್ಲಿ ಬಸುರಿ ಹೆಂಗಸು ಇರಲೇ ಇಲ್ಲವೆಂದು ಕಾಣುತ್ತದೆ. ನಮ್ಮ ಬದುಕಿನೊಳಗೆ ಕೂತ ಯಂತ್ರವನ್ನು ನಮಗೆ ಒಗ್ಗುವಂತೆ ತಿದ್ದಿಸುವ ಹಕ್ಕು ಎಂದರೆ ಇದು.

ಇದೇ ಸ್ಯಾಂಡ್ಲರ್ ಮುನ್ನಡೆಸುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ 2021ರಲ್ಲಿ ವಿಜಿಯೊ ಎಂಬ ಟಿವಿ ಕಂಪನಿಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ಈ ಸಲದ ವಾದವೇ ಬೇರೆ. ನಾವು ಸಾಫ್ಟ್‌ವೇರ್ ಬರೆದವರಾಗಿ ಬಂದಿಲ್ಲ, ಟಿವಿ ಕೊಂಡ ಗಿರಾಕಿಯಾಗಿ ಬಂದಿದ್ದೇವೆ; ಜಿಪಿಎಲ್ ಸೋರ್ಸ್ ಕೋಡನ್ನು ಮಾತು ಕೊಟ್ಟಿರುವುದು ಗಿರಾಕಿಗೆ, ಆದ್ದರಿಂದ ಕೇಳುವ ಹಕ್ಕು ನಮಗೂ ಇದೆ. ಇದು ಕೃತಿಸ್ವಾಮ್ಯದ ತಕರಾರು, ಕೇಂದ್ರದ ಕೋರ್ಟಿನಲ್ಲೇ ನಡೆಯಲಿ ಎಂದು ಕಂಪನಿ ಪಟ್ಟು ಹಿಡಿಯಿತು. 2022ರಲ್ಲಿ ಆ ಕೋರ್ಟು ಒಪ್ಪದೆ, ಒಪ್ಪಂದದ ತಕರಾರೆಂದು ರಾಜ್ಯದ ಕೋರ್ಟಿಗೇ ಹಿಂದೆ ಕಳಿಸಿತು. ನೋಡಿ, ಒಂದು ಮೊಕದ್ದಮೆಯಲ್ಲಿ ಒಪ್ಪಂದವಲ್ಲ ಕೃತಿಸ್ವಾಮ್ಯ ಎಂದು ಗೆದ್ದರು, ಇನ್ನೊಂದರಲ್ಲಿ ಒಪ್ಪಂದವೂ ಹೌದು ಎಂದು ಬಾಗಿಲು ತೆರೆಸಿದರು. ಒಂದೇ ಕಾಗದ ಬರೆದವರ ಕೈಗೂ ಕೊಂಡವರ ಕೈಗೂ ಆಯುಧವಾಗಬಲ್ಲದು ಎಂಬ ಈ ವಾದ ಗಿರಾಕಿಗಳಾದ ನಮಗೆ ಬಹಳ ಬೆಲೆಯುಳ್ಳದ್ದು.

ಲಿಂಕ್‌ಸಿಸ್ ಕಂಪನಿಯ ನೀಲಿ ರೌಟರಿನ ಸೋರ್ಸ್ ಕೋಡು ಇಂಥದೇ ಒತ್ತಡದಿಂದ 2003ರಲ್ಲಿ ಹೊರಗೆ ಬಂದದ್ದರಿಂದ 'ಓಪನ್‌ಡಬ್ಲ್ಯುಆರ್‌ಟಿ' ಎಂಬ ಸಾಫ್ಟ್‌ವೇರ್ ಹುಟ್ಟಿತು. ಕಂಪನಿ ಕೈಬಿಟ್ಟ ಎಷ್ಟೋ ಹಳೆಯ ಡಬ್ಬಿಗಳಿಗೆ ಅದರಿಂದ ಮರುಜೀವ ಬಂದಿದೆ. ನಮ್ಮ ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಓಡುತ್ತದೆ, ಮಲಯಾಳಂ ಮಾತನಾಡುತ್ತದೆ. ನಮ್ಮ ಶಾಲೆಗಳ ಬೀರುವಿನಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟ ಕಂಪ್ಯೂಟರುಗಳ ಬಗ್ಗೆ ಬರೆಯಲು ಬೇರೆಯದೇ ಪ್ರಬಂಧ ಬೇಕು.

ಮನೆಯ ವೈಫೈ ಡಬ್ಬಿಯ ಜೊತೆ ಬರುವ ಕಿರುಹೊತ್ತಗೆಯನ್ನು ಎಸೆಯಬೇಡಿ. ಕೊನೆಯ ಪುಟಗಳಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಜಿಪಿಎಲ್ ಎಂಬ ಹೆಸರು ಇದೆಯೇ ನೋಡಿ. ಸೋರ್ಸ್ ಕೋಡನ್ನು ಜೊತೆಗೇ ಕೊಡದ ಕಂಪನಿ, ಕೇಳಿದವರಿಗೆ ಕೊಡುತ್ತೇವೆ ಎಂದು ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಲಿಖಿತ ಮಾತು ಕೊಡಬಹುದು ಎಂದು ಜಿಪಿಎಲ್ ಎರಡನೆಯ ಆವೃತ್ತಿ ಹೇಳುತ್ತದೆ. ಕಳಿಸುವ ಖರ್ಚು ಬಿಟ್ಟು ಬೇರೆ ಕಾಸು ಕೇಳುವಂತಿಲ್ಲ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಕಡೆ ಹುಡುಕಿದರೂ ಇಂಥ ಕರಾರುಗಳ ಉದ್ದನೆಯ ಪಟ್ಟಿ ಸಿಗುತ್ತದೆ. ಯಾರ್ಯಾರ ಮುಯ್ಯಿ ನಮ್ಮ ಕಿಸೆಯಲ್ಲಿದೆ ಎಂದು ತಿಳಿಯಲಿಕ್ಕಾದರೂ ಒಮ್ಮೆ ಓದಬೇಕು.

ನಮ್ಮ ಮನೆಯ ಡಬ್ಬಿಯ ಹೊತ್ತಗೆಯಲ್ಲೂ ಆ ಸಾಲು ಸಿಕ್ಕಿತು, ಕೆಳಗೆ ಅಂಚೆ ವಿಳಾಸವೂ ಇತ್ತು. ಕೊಂಡ ರಸೀದಿಯ ಪ್ರತಿ ಲಗತ್ತಿಸಿ, ಸೋರ್ಸ್ ಕೋಡ್ ಕಳಿಸಿಕೊಡಬೇಕಾಗಿ ಕೋರುತ್ತೇನೆ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿದ್ದೇನೆ. ಕೋಡು ಬಂದರೆ ನನಗೆ ಒಂದು ಸಾಲೂ ಅರ್ಥವಾಗುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಆಗುತ್ತದೆ, ಅವಳು ಕಾಯುತ್ತಿದ್ದಾಳೆ. ತಲುಪಿದ್ದಕ್ಕೆ ಗುರುತಿನ ಚೀಟಿ ವಾಪಸು ಬಂದಿದೆ, ಸಹಿ ಯಾರದೋ ಓದಲಾಗುವುದಿಲ್ಲ. ಆರು ವಾರವಾಯಿತು. ಎರಡನೆಯ ಪತ್ರವನ್ನು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬರೆದು ನಿನ್ನೆ ಅಂಚೆಗೆ ಹಾಕಿ ಬಂದೆ.